ತಾತ ಪೈಪಿನೊಳಗೆ ಇಣುಕಲಿಲ್ಲ: ವಿಡಿಯೊ ಕ್ಲಾಸಿನ ಹೊಸಬರಿಗೊಂದು ಬಹಿರಂಗ ಪತ್ರ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಿಂದ ಈ ಸಲ ವಿಡಿಯೊ ಕ್ಲಾಸಿಗೆ ಹೆಸರು ಬರೆಸಿರುವ ತಮ್ಮಂದಿರಿಗೆ, ತಂಗಿಯರಿಗೆ,



ಹೆಸರು ಬರೆಸುವಾಗ ನೀವು ತುಂಬಿಕೊಟ್ಟ ಹಾಳೆಗಳನ್ನು ನಿನ್ನೆ ರಾತ್ರಿ ಕೂತು ಓದಿದೆ. ‘ಯಾವ ಸಿನಿಮಾ ಮಾಡಬೇಕು ಅಂತಿದ್ದೀರಿ?’ ಎಂಬ ಕೊನೇ ಪ್ರಶ್ನೆಗೆ ನೀವು ಬರೆದ ಉತ್ತರ ಓದುತ್ತಾ ನಿದ್ದೆ ಹಾರಿಹೋಯಿತು. ಗಣಿ ಧೂಳಿನ ಮೇಲೆ ಒಬ್ಬರದು. ಹಂಪಿಯಲ್ಲಿ ಸಿಕ್ಕ ನಿಧಿಯ ಮೇಲೆ ಇನ್ನೊಬ್ಬರದು. ಅಪ್ಪನ ಸಾಲ, ಅಕ್ಕನ ಮದುವೆ, ಬೆಂಗಳೂರಿಗೆ ಹೋಗಿ ಕೆಟ್ಟ ಗೆಳೆಯ, ಮೇಲಿಂದ ಡ್ರೋನಿನಲ್ಲಿ ಕಾಣುವ ಕೋಟೆ ಬೆಟ್ಟ. ಒಂದು ಹಾಳೆಯಲ್ಲಂತೂ ‘ಮೂರು ಹಾಡು, ಎರಡು ಫೈಟು, ಒಟ್ಟು 20 ನಿಮಿಷ’ ಎಂದು ಲೆಕ್ಕವೇ ಬರೆದಿದೆ. ಬರೆದವರು ಯಾರೆಂದು ನಾನು ಹೇಳುವುದಿಲ್ಲ. ಕ್ಲಾಸಿನಲ್ಲಿ ನಿಮಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ಆಸೆ ಹೊತ್ತು ಬರುವವರಿಗೆ ಮೊದಲ ವಾರ ನಾನು ಕೊಡುವ ಕೆಲಸ ಕೇಳಿದರೆ ಅರ್ಧ ಮಂದಿಗೆ ಸಿಟ್ಟು ಬರುತ್ತದೆ. ಕ್ಲಾಸಿನಲ್ಲಿ ಹೇಳಿ ನಿಮ್ಮ ಮುಖ ನೋಡುವ ಧೈರ್ಯ ಸಾಲದೆ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಮೊದಲ ಸಿನಿಮಾ ನಿಮ್ಮ ಕಥೆ ಆಗಿರುವುದಿಲ್ಲ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಅಣ್ಣತಮ್ಮಂದಿರು ತೆಗೆದ, ಒಂದು ನಿಮಿಷವೂ ತುಂಬದ ಸಿನಿಮಾವನ್ನು ನೀವು ನಿಮ್ಮ ಊರಿನಲ್ಲಿ ಮತ್ತೆ ತೆಗೆಯಬೇಕು. ಕೆಟ್ಟ ಮಾತಿನಲ್ಲಿ ಹೇಳುವುದಾದರೆ, ರಿಮೇಕ್.

ಕಥೆ ಇಷ್ಟೇ. ತೋಟದವನೊಬ್ಬ ಪೈಪ್ ಹಿಡಿದು ಗಿಡಕ್ಕೆ ನೀರು ಬಿಡುತ್ತಿದ್ದಾನೆ. ಹಿಂದಿನಿಂದ ಒಬ್ಬ ಹುಡುಗ ಬಂದು ಪೈಪ್ ಮೆಟ್ಟುತ್ತಾನೆ. ನೀರು ನಿಲ್ಲುತ್ತದೆ. ಇದೇನಾಯಿತು ಎಂದು ತೋಟದವನು ಪೈಪಿನ ಬಾಯಿಗೆ ಮುಖ ಕೊಟ್ಟು ನೋಡುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ಚಿಮ್ಮಿದ ನೀರಿಗೆ ತೋಟದವನ ಟೊಪ್ಪಿಗೆ ಹಾರಿ ಬೀಳುತ್ತದೆ. ಅವನು ಹುಡುಗನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು, ಎಳೆದು ತಂದು, ಕುಂಡೆಗೆ ನಾಲ್ಕು ಬಿಟ್ಟು, ಮತ್ತೆ ನೀರು ಹಾಕಲು ನಿಲ್ಲುತ್ತಾನೆ. 1895ರ ಡಿಸೆಂಬರ್ 28ರಂದು ಪ್ಯಾರಿಸಿನ ಗ್ರಾಂ ಕೆಫೆಯಲ್ಲಿ ದುಡ್ಡು ಕೊಟ್ಟು ಬಂದವರಿಗೆ ತೋರಿಸಿದ ಹತ್ತು ಚಿತ್ರಗಳಲ್ಲಿ ಇದೂ ಒಂದು. ಮಿಕ್ಕವುಗಳಲ್ಲಿ ಕಂಡದ್ದು ಹೆಚ್ಚಾಗಿ ಜನರ ಓಡಾಟ, ಮನೆಯ ನೋಟ, ಕೆಲಸ. ಮೊದಲೇ ಯೋಚಿಸಿ ಕಟ್ಟಿದ ನಗೆಯ ಕಥೆ ಅಂದರೆ ಇದು.

‘ಸರ, ಇದನ್ನ ಐದ್ ನಿಮಿಷದಾಗ ತೆಗೀತೀವಿ’ ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬ ಹೇಳುತ್ತಾನೆ. ಹೇಳಿದವನು ನಾಲ್ಕನೇ ದಿನವೂ ಅದನ್ನೇ ತೆಗೆಯುತ್ತಿರುತ್ತಾನೆ.

ಮೊದಮೊದಲು ನಾನೂ ಸ್ವಂತ ಕಥೆಯೇ ತನ್ನಿ ಅನ್ನುತ್ತಿದ್ದೆ. ಒಂದು ಬ್ಯಾಚಿನಲ್ಲಿ ಹನ್ನೊಂದು ಕಥೆ ಬಂದವು, ಮುಗಿದದ್ದು ಒಂದೂ ಇಲ್ಲ. ಒಬ್ಬನ ನಾಯಕಿ ಎರಡನೇ ಭಾನುವಾರ ಬರಲಿಲ್ಲ. ಒಬ್ಬನಿಗೆ ಮಳೆ ಬೇಕಾಗಿತ್ತು. ಬಳ್ಳಾರಿಯಲ್ಲಿ, ಏಪ್ರಿಲ್ ತಿಂಗಳಲ್ಲಿ, ಮಳೆ! ಇನ್ನೊಬ್ಬ ಎಲ್ಲವನ್ನೂ ತೆಗೆದು ತಂದು ಜೋಡಿಸಲು ಕೂತಾಗ, ಬಾಗಿಲು ತೆರೆಯುವ ಕೈ ಒಂದು ಅಂಗಿಯದು, ಒಳಗೆ ಬರುವ ಮನುಷ್ಯನ ಅಂಗಿ ಬೇರೆ. ಆ ಹುಡುಗ ಮತ್ತೆ ಕ್ಲಾಸಿನ ಕಡೆ ತಲೆ ಹಾಕಲಿಲ್ಲ. ತಪ್ಪು ಅವನದಲ್ಲ. ಸೈಕಲ್ ಹತ್ತಲು ಬಾರದವನ ಕೈಗೆ ಲಾರಿ ಕೊಟ್ಟದ್ದು ನಾನು.

ರಿಮೇಕ್ ಅಂದರೆ ನಮ್ಮಲ್ಲಿ ಮೂಗು ಮುರಿಯುವವರೇ ಹೆಚ್ಚು, ಅದಕ್ಕೆ ಕಾರಣವೂ ಇದೆ. ಸೀನಿಗೆ ಸೀನು ಇಳಿಸಿ, ಹೆಸರು ಮಾತ್ರ ಬದಲಿಸಿ, ನಮ್ಮ ಊರಿನ ಗಾಳಿಯೂ ಸೋಕದ ಹಾಗೆ ಮಾಡಿದ ಚಿತ್ರಗಳನ್ನು ನಾವು ಎಷ್ಟು ನೋಡಿಲ್ಲ? ಆದರೆ ನಮ್ಮೂರಿನ ಹೆಸರನ್ನೇ ಹೊತ್ತ ‘ಬಳ್ಳಾರಿ ನಾಗ’ ನೆನಪಿಸಿಕೊಳ್ಳಿ. 2009ರಲ್ಲಿ ವಿಷ್ಣುವರ್ಧನ್ ಮಾಡಿದ ಆ ಚಿತ್ರ 2005ರ ಮಲಯಾಳದ ‘ರಾಜಮಾಣಿಕ್ಯಂ’ನ ರಿಮೇಕ್. ಆ ಮಲಯಾಳ ಚಿತ್ರದಲ್ಲಿ ಮಮ್ಮುಟ್ಟಿಯ ಪಾತ್ರವನ್ನು ಕರೆಯುವುದೇ ‘ಬೆಲ್ಲಾರಿ ರಾಜ’ ಎಂದು. ಹಾಗಾಗಿ ನಮ್ಮ ಊರು ಮೊದಲು ಕೇರಳಕ್ಕೆ ಹೋಗಿ, ಅಲ್ಲಿಂದ ರಿಮೇಕ್ ಆಗಿ ಮನೆಗೆ ಬಂತು. ನಮ್ಮ ಓಣಿ, ನಮ್ಮ ಬಿಸಿಲು, ನಮ್ಮ ಬೈಗುಳ ಎರಡರಲ್ಲಿ ಯಾವುದರಲ್ಲಿ ಎಷ್ಟಿದೆ ಎಂದು ಕ್ಲಾಸಿನಲ್ಲಿ ಕೂತು ಜಗಳ ಮಾಡೋಣ. ಆ ಜಗಳಕ್ಕೆ ನಾನು ಈಗಲೇ ತಯಾರು.

ಇನ್ನೂ ಹಿಂದಕ್ಕೆ ಹೋಗಿ. ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿಸಿದ ಮಾಯಾವಿ ಜಾರ್ಜ್ ಮೆಲಿಯೆಸ್ ಗೊತ್ತಲ್ಲ? 1896ರಲ್ಲಿ ಅವನು ತೆಗೆದ ಮೊಟ್ಟಮೊದಲ ಚಿತ್ರ, ಅವನ ಪಟ್ಟಿಯಲ್ಲಿ ನಂಬರ್ 1, ಇಸ್ಪೀಟಾಡುವ ಮೂವರದು. ಅದು ಲೂಮಿಯೇರರ ಇಸ್ಪೀಟಾಟದ ಚಿತ್ರದ ರಿಮೇಕ್. ಮುಂದೆ ನೂರಾರು ಮಾಯೆ ಹುಟ್ಟಿಸಿದ ತಲೆಯೂ ಮೊದಲು ಒಂದು ನಿಮಿಷ ಇನ್ನೊಬ್ಬರ ಚೌಕಟ್ಟಿನೊಳಗೆ ಕೂತು ಎದ್ದುಬಂತು. ಆಮೇಲೆ ಅವನು ಈ ಪೈಪಿನ ಚಿತ್ರವನ್ನೂ ಮಾಡಿದ. ಸಿನಿಮಾ ಮಾಡಿದ ಮೊದಲ ಹೆಂಗಸರಲ್ಲಿ ಒಬ್ಬರಾದ ಆಲಿಸ್ ಗೀ ಮಾಡಿದರು. ಇಂಗ್ಲೆಂಡಿನವರು ಮಾಡಿದರು. 1957ರಲ್ಲಿ ಫ್ರಾನ್ಸಿನ ನಿರ್ದೇಶಕ ತ್ರುಫೊ ತನ್ನ ಕಿರುಚಿತ್ರವೊಂದರ ನಡುವೆ ಅದಕ್ಕೆ ಕೈಮುಗಿದ. ಲೂಮಿಯೇರರೇ ತಮ್ಮದನ್ನು ತಾವೇ ಮತ್ತೆ ಮಾಡುತ್ತಿದ್ದರು. ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ಅವರ ಹೆಸರಾಂತ ಮೊದಲ ಚಿತ್ರಕ್ಕೆ ಮೂರು ರೂಪಗಳಿವೆ: ಒಂದರಲ್ಲಿ ಗಾಡಿಗೆ ಒಂದು ಕುದುರೆ, ಒಂದರಲ್ಲಿ ಎರಡು, ಒಂದರಲ್ಲಿ ಕುದುರೆಯೇ ಇಲ್ಲ. ಈ ಪೈಪಿನ ಕಥೆಯಾದರೂ ಅವರ ಸ್ವಂತದ್ದೇ? 1880ರ ದಶಕದಲ್ಲೇ ಪತ್ರಿಕೆಗಳಲ್ಲಿ ಸಾಲು ಚಿತ್ರಗಳಾಗಿ ಬಂದಿದ್ದ ನಗೆಚಟಾಕಿ ಅದು.

ಹೀಗೆ ಇದ್ದದ್ದನ್ನೇ ಮತ್ತೆ ಮಾಡುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಬಯಲಾಟದಲ್ಲಿ ಪ್ರತಿ ವರ್ಷ ಅದೇ ಪ್ರಸಂಗ, ಅದೇ ಕಿರೀಟ. ಹಾಗೆಂದು ಜನ ಬೆಳಗಿನ ಜಾವದವರೆಗೆ ಕೂರದೆ ಎದ್ದುಹೋಗುತ್ತಾರೆಯೇ? ಕೊಲಾಚಲಂ ಶ್ರೀನಿವಾಸರಾಯರ ನಾಟಕದಲ್ಲಿ ಬಳ್ಳಾರಿ ರಾಘವರ ಪಠಾಣ್ ರುಸ್ತುಂನನ್ನು ಮತ್ತೆ ಮತ್ತೆ ನೋಡಲು ಹೋಗುತ್ತಿದ್ದವರಿಗೆ ಕಥೆ ಮೊದಲೇ ಬಾಯಿಪಾಠವಾಗಿತ್ತು. 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ತೊಗಲು ಗೊಂಬೆಗಳಲ್ಲಿ ರಾಮಾಯಣವನ್ನೂ ಆಡಿಸಿದರು, ಅದೇ ತೊಗಲು, ಅದೇ ಪರದೆ, ಅದೇ ಹಿಂದಿನ ದೀಪದಲ್ಲಿ ಗಾಂಧೀಜಿಯನ್ನೂ ನಡೆಸಿದರು. ಪರದೆಯ ಮೇಲೆ ನೆರಳು ಓಡಾಡಿಸುವ ವಿದ್ಯೆ ನಮ್ಮ ಊರಿಗೆ ಪ್ಯಾರಿಸಿನಿಂದ ಬರಬೇಕಿರಲಿಲ್ಲ ಅನ್ನುವುದು ನನ್ನ ಸಣ್ಣ ಹೆಮ್ಮೆ. ಕ್ಷಮಿಸಿ, ದಾರಿ ತಪ್ಪಿದೆ.

ನನ್ನದೊಂದು ಕಥೆ ಹೇಳುತ್ತೇನೆ. ನಾನು ಈ ಕೆಲಸ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ಮದುವೆ ಶೂಟಿಂಗಿಗೆ ಲೈಟ್ ಹಿಡಿಯುವ ಹುಡುಗನಾಗಿ ಸೇರಿದೆ. ಎರಡು ವರ್ಷ ಬಿಸಿ ಲೈಟ್ ಹಿಡಿದು ಅಂಗೈ ಸುಟ್ಟುಕೊಂಡ ಮೇಲೆ ಒಂದು ದಿನ ಕ್ಯಾಮೆರಾ ಕೈಗೆ ಬಂತು. ಸಿರುಗುಪ್ಪದ ಕಡೆ ಒಂದು ಮದುವೆ. ಮುಹೂರ್ತದ ಹೊತ್ತಿಗೆ ನಾನು ವಿಡಿಯೊ ಚೆಂದ ಕಾಣಲೆಂದು ಓಲಗದವರ ಗಲ್ಲ ಉಬ್ಬುವುದನ್ನು ಜೂಮ್ ಮಾಡಿ ತೆಗೆಯುತ್ತಿದ್ದೆ. ‘ಗಟ್ಟಿಮೇಳ’ ಎಂಬ ಕೂಗು ಕೇಳಿ ಕ್ಯಾಮೆರಾ ತಿರುಗಿಸಿದೆ. ಅಷ್ಟರಲ್ಲಿ ಕೂತವರೆಲ್ಲ ಎದ್ದು ಅಕ್ಕಿಕಾಳು ಎರಚಲು ಶುರು ಮಾಡಿದ್ದರು. ನನಗೆ ಕಂಡದ್ದು ಹತ್ತು ಹನ್ನೆರಡು ಬೆನ್ನು, ಒಂದು ಬೋಳುತಲೆ. ಬೆನ್ನುಗಳು ಸರಿದಾಗ ತಾಳಿ ಕಟ್ಟಿ ಆಗಿತ್ತು.

ಗಂಟಲು ಒಣಗಿತು. ಮದುಮಗನ ಹತ್ತಿರ ಹೋಗಿ ಮೆಲ್ಲಗೆ, ‘ಅಣ್ಣಾ, ಇನ್ನೊಂದ್ಸಲ ಕಟ್ಟಿದಂಗ ಮಾಡ್ರಿ’ ಅಂದೆ. ಅವನೇನೋ ಕೈ ಎತ್ತಿದ. ಪಕ್ಕದಲ್ಲಿ ಕೂತಿದ್ದ ಹುಡುಗಿಯ ಅಜ್ಜಿ ನನ್ನ ಕೈ ಹಿಡಿದು, ‘ತಾಳಿ ಎರಡು ಸಲ ಕಟ್ತಾರೇನೋ ತಮ್ಮಾ?’ ಅಂದಳು. ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ಆ ಕ್ಯಾಸೆಟ್ಟಿನಲ್ಲಿ ಇವತ್ತಿಗೂ ತಾಳಿಯ ಜಾಗದಲ್ಲಿ ಬೋಳುತಲೆಯೇ ಇದೆ.

ಆ ರಾತ್ರಿ ನಾನು ಮನೆಗೆ ಬಂದು, ನಮ್ಮ ಗುರುಗಳು ತೆಗೆದ ಹಳೆಯ ಮದುವೆ ಕ್ಯಾಸೆಟ್ಟು ಹಾಕಿ ಮುಹೂರ್ತದ ಭಾಗವನ್ನು ಮತ್ತೆ ಮತ್ತೆ ನೋಡಿದೆ. ಅವರು ಎಲ್ಲಿ ನಿಂತಿದ್ದರು? ಗಟ್ಟಿಮೇಳಕ್ಕೆ ಎಷ್ಟು ಮುಂಚೆ ಬಂದು ನಿಂತರು? ಜನ ಎದ್ದಾಗ ಅವರ ಚೌಕಟ್ಟಿಗೆ ಯಾಕೆ ಬೆನ್ನು ಬೀಳಲಿಲ್ಲ? ಅವರು ವೇದಿಕೆಯ ಮೇಲೆ, ಪುರೋಹಿತರ ಹೆಗಲ ಹಿಂದೆ, ಸ್ಟೂಲ್ ಹಾಕಿಕೊಂಡು ಹತ್ತು ನಿಮಿಷ ಮುಂಚಿನಿಂದ ನಿಂತಿರುತ್ತಿದ್ದರು! ಮುಂದಿನ ಮದುವೆಯಲ್ಲಿ ನಾನು ಅದೇ ಜಾಗ, ಅದೇ ಎತ್ತರ, ಅದೇ ಕೋನ ಹಿಡಿದೆ. ಎರಡು ವರ್ಷ ಅವರ ಪಕ್ಕದಲ್ಲೇ ಲೈಟ್ ಹಿಡಿದು ನಿಂತಾಗ ಕಾಣದ್ದು ನಕಲು ಮಾಡಲು ಹೊರಟ ದಿನ ಕಂಡಿತು. ನಾನು ನಿಮಗೆ ಹೇಳಬೇಕಾದ ಮಾತು ಇದೊಂದೇ, ಮಿಕ್ಕದ್ದೆಲ್ಲ ಇದರ ಬಾಲ. ನೋಡುವಾಗ ನಾವು ಕಥೆ ನೋಡುತ್ತೇವೆ. ಮತ್ತೆ ತೆಗೆಯಲು ಹೊರಟಾಗ ಮಾತ್ರ ಕ್ಯಾಮೆರಾ ಎಲ್ಲಿತ್ತು ಎಂಬುದು ಕಾಣುತ್ತದೆ.

ಪೈಪಿನ ಚಿತ್ರದಲ್ಲೇ ನೋಡಿ. ಹುಡುಗ ಚೌಕಟ್ಟಿನ ಅಂಚಿಗೆ ಓಡುತ್ತಾನೆ. ತೋಟದವನು ಅವನನ್ನು ಅಲ್ಲೇ ಹಿಡಿದು ಅಲ್ಲೇ ಹೊಡೆಯಬಹುದಿತ್ತು. ಹಾಗೆ ಮಾಡದೆ ನಮ್ಮ ಮುಂದಕ್ಕೆ ಎಳೆದು ತಂದು ಹೊಡೆಯುತ್ತಾನೆ. ಯಾಕೆ? ಆ ಕ್ಯಾಮೆರಾ ಒಂದೇ ಕಡೆ ನಿಂತ ಮರದ ಪೆಟ್ಟಿಗೆ. ಒಬ್ಬ ಹಿಡಿಕೆ ತಿರುಗಿಸುತ್ತಿರಬೇಕು, ಒಳಗಿರುವುದು ಸುಮಾರು 17 ಮೀಟರ್ ಫಿಲ್ಮು, ಸೆಕೆಂಡಿಗೆ ಹದಿನಾರರ ಹಾಗೆ ಚಿತ್ರ, 50 ಸೆಕೆಂಡಿನ ಆಸುಪಾಸಿಗೆ ಖಾಲಿ. ಕ್ಯಾಮೆರಾ ಅವರ ಹಿಂದೆ ಹೋಗಲಾರದು, ಅವರೇ ಕ್ಯಾಮೆರಾದ ಮುಂದೆ ಬರಬೇಕು. ಸಿಟ್ಟಿಗೆದ್ದವನೂ ಚೌಕಟ್ಟು ಮರೆಯಲಿಲ್ಲ! ಇದನ್ನು ನಾನು ಬೋರ್ಡಿನ ಮೇಲೆ ಬರೆದರೆ ನೀವು ಮರೆಯುತ್ತೀರಿ. ನಿಮ್ಮ ಹುಡುಗ ಓಡಿಹೋಗಿ, ಖಾಲಿ ಗೋಡೆಯ ಹನ್ನೆರಡು ಸೆಕೆಂಡು ನಿಮ್ಮ ಮೊಬೈಲಿನಲ್ಲಿ ಉಳಿದಾಗ ಮರೆಯುವುದಿಲ್ಲ.

ಹಿಂದಿನ ಬ್ಯಾಚಿನ ಸಿರುಗುಪ್ಪದ ತಂಡದ ಕಥೆ ಕೇಳಿ. ಊರ ಹೊರಗೆ ಒಂದು ಮನೆ, ಹಿತ್ತಲಲ್ಲಿ ನಾಲ್ಕು ಸಾಲು ಮೆಣಸಿನ ಸಸಿ, ಬೋರಿನಿಂದ ಬಂದ ಒಂದಿಂಚಿನ ಹಸಿರು ಪೈಪು. ತೋಟದವನಾಗಿ ತಂಡದ ಹುಡುಗಿಯ ತಾತ. ಪೈಪ್ ಮೆಟ್ಟುವವಳು ಮೊಮ್ಮಗಳು. ಮೂರು ಫೇಸ್ ಕರೆಂಟ್ ಬರುವ ಹೊತ್ತಿಗೆ ಬೆಳಗ್ಗೆ ಏಳಕ್ಕೆ ಎಲ್ಲರೂ ಸಿದ್ಧ. ಮೊದಲ ಸಲ ಹುಡುಗಿ ಮೆಟ್ಟಿದಳು, ನೀರು ನಿಲ್ಲಲಿಲ್ಲ. ಮೋಟರಿನ ಒತ್ತಡಕ್ಕೆ ಅವಳ ಕಾಲಿನ ಭಾರ ಎಲ್ಲಿ ಸಾಕು? ಪೈಪನ್ನು ಮಡಚಿ ಮೆಟ್ಟಬೇಕು ಎಂದು ಗೊತ್ತಾಗಲು ಅರ್ಧ ಗಂಟೆ ಹೋಯಿತು. ಎರಡನೇ ಸಲ ನೀರು ನಿಂತಿತು. ಈಗ ತಾತ ಪೈಪಿನ ಬಾಯಿಗೆ ಇಣುಕಬೇಕು. ತಾತ ಇಣುಕಲಿಲ್ಲ. ಪೈಪನ್ನು ನೆಲಕ್ಕೆ ಹಾಕಿ, ಚೌಕಟ್ಟು ದಾಟಿ, ಗೋಡೆಯ ಮೇಲಿನ ಸ್ಟಾರ್ಟರ್ ಡಬ್ಬಿಯ ಕಡೆ ನಡೆದುಬಿಟ್ಟ.

‘ತಾತಾ, ಪೈಪ್ ನೋಡ್ಬೇಕು ನೀನು!’

‘ನೀರು ನಿಂತ್ರ ಕರೆಂಟ್ ಹೋಗೇತಿ ಅಂತ. ಪೈಪಿನ್ಯಾಗ ಏನೈತಿ ನೋಡಾಕ?’

ಮೂರು ಸಲ ಹೇಳಿದರು, ಮೂರು ಸಲವೂ ತಾತ ಸ್ಟಾರ್ಟರ್ ಕಡೆಗೇ ಹೋದ. ಹುಡುಗರಿಗೆ ಅಳುವೇ ಬಂತು. ಸಂಜೆ ನನಗೆ ಫೋನು ಮಾಡಿ, ‘ಸರ, ಬೇರೆ ತಾತನ್ನ ಹುಡುಕ್ತೀವ್ರಿ’ ಅಂದರು. ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಬೇರೆ ತಾತ ಬೇಡ, ಕಥೆಯನ್ನೇ ಈ ತಾತನ ಹಿಂದೆ ಕಳಿಸಿ ಅಂದೆ. ನೀರು ನಿಂತರೆ ಫ್ರಾನ್ಸಿನ ತೋಟದವನು ಪೈಪಿನೊಳಗೆ ನೋಡುತ್ತಾನೆ, ಸಿರುಗುಪ್ಪದ ರೈತ ಕರೆಂಟಿನ ಕಡೆ ನೋಡುತ್ತಾನೆ. ಎಷ್ಟು ವರ್ಷದ ಪಂಪ್‌ಸೆಟ್ಟಿನ ಬಾಳು ಆ ನಾಲ್ಕು ಹೆಜ್ಜೆಯಲ್ಲಿದೆ!

ಮಾರನೇ ಭಾನುವಾರ ಅವರು ತೆಗೆದದ್ದು ಹೀಗೆ: ನೀರು ನಿಲ್ಲುತ್ತದೆ. ತಾತ ಪೈಪ್ ಕೆಳಗಿಟ್ಟು ಸ್ಟಾರ್ಟರ್ ನೋಡಲು ಹೋಗುತ್ತಾನೆ. ಮೊಮ್ಮಗಳು ನಗುತ್ತಾ ಕಾಲು ತೆಗೆಯುತ್ತಾಳೆ. ನೆಲದ ಮೇಲಿದ್ದ ಪೈಪು ಹಾವಿನ ಹಾಗೆ ಎದ್ದು ತಿರುಗಿ ಅವಳಿಗೇ ನೀರು ಬಡಿಯುತ್ತದೆ. ತಾತ ವಾಪಸು ಬಂದು, ಪೈಪ್ ಎತ್ತಿಕೊಂಡು, ನೆನೆದ ಮೊಮ್ಮಗಳ ಕಡೆ ಒಮ್ಮೆ ನೋಡಿ ಸಸಿಗೆ ನೀರು ಬಿಡಲು ನಿಲ್ಲುತ್ತಾನೆ. ಹೊಡೆತವಿಲ್ಲ, ಅಟ್ಟಿಸಿಕೊಂಡು ಹೋಗುವುದಿಲ್ಲ, 46 ಸೆಕೆಂಡು. ಮೂಲವನ್ನು ಅಷ್ಟು ನಿಷ್ಠೆಯಿಂದ ಹಿಡಿಯಲು ಹೋಗದಿದ್ದರೆ ಅವರಿಗೆ ಈ ಕಥೆ ಸಿಗುತ್ತಲೇ ಇರಲಿಲ್ಲ. ಮೊದಲ ದಿನವೇ ‘ನಿಮ್ಮೂರಿನ ಸ್ವಂತ ಕಥೆ ತನ್ನಿ’ ಅಂದಿದ್ದರೆ ಅವರು ಮೂರು ಹಾಡು ತರುತ್ತಿದ್ದರು.

ಬಳ್ಳಾರಿಯ ತಂಡಕ್ಕೆ ನೀರೇ ಸಿಗಲಿಲ್ಲ. ಬೇಸಿಗೆಯಲ್ಲಿ ನಲ್ಲಿ ಬಂದ ದಿನ ಪೈಪ್ ಹಿಡಿದು ಓಣಿಯಲ್ಲಿ ನಿಂತಾಗ ಎದುರುಮನೆ ದೊಡ್ಡಮ್ಮ ಕೊಡ ಹಿಡಿದೇ ಹೊರಗೆ ಬಂದು ಕೇಳಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ದೊಡ್ಡಮ್ಮನದೇ ಸರಿ. ಆ ತಂಡದಲ್ಲಿ ಜೀನ್ಸ್ ಹೊಲಿಯುವ ಮನೆಯ ಹುಡುಗನೊಬ್ಬನಿದ್ದ. ಅವರು ಪೈಪಿನ ಬದಲು ಟೇಬಲ್ ಫ್ಯಾನ್ ಇಟ್ಟರು. ಹೊಲಿಯುತ್ತಿದ್ದವನು ಬೆವರು ಒರೆಸಿಕೊಂಡು ನಿಂತುಹೋದ ಫ್ಯಾನಿಗೆ ಮುಖ ಕೊಡುತ್ತಾನೆ, ಹುಡುಗ ಪ್ಲಗ್ ಚುಚ್ಚುತ್ತಾನೆ, ಮುಂದೆ ಗುಡ್ಡೆ ಹಾಕಿದ್ದ ನೀಲಿ ದಾರದ ಚೂರುಗಳೆಲ್ಲ ಹಾರಿ ಗಡ್ಡಕ್ಕೆ ಮೆತ್ತಿಕೊಳ್ಳುತ್ತವೆ. ಬಳ್ಳಾರಿಯ ಸೆಕೆ ಗೊತ್ತಿದ್ದವರಿಗೆ ಆ ಮನುಷ್ಯ ಫ್ಯಾನಿನ ಹತ್ತಿರ ಯಾಕೆ ಬಾಗಿದ ಎಂದು ಹೇಳಬೇಕಿಲ್ಲ.

ಕುರುಗೋಡಿನವರು ಪೈಪಿನದರ ಬದಲು ಲೂಮಿಯೇರರ ಇಸ್ಪೀಟಾಟದ ಚಿತ್ರ ಆರಿಸಿಕೊಂಡರು. ಬೀದಿಯಲ್ಲಿ ಎಲೆ ಹಿಡಿದು ಕೂತರೆ ಪೊಲೀಸರೂ ಪಾತ್ರಧಾರಿಗಳಾಗುತ್ತಾರೆ ಎಂದು ಹೇಳಿ ಚೌಕಾಬಾರಕ್ಕೆ ಬದಲಿಸಿದೆ. ಅವರು ಮಾಡಿದ ತಪ್ಪು ಬೇರೆ. ದೊಡ್ಡಬಸವೇಶ್ವರ ಗುಡಿಯ ಗೋಪುರ ಪೂರ್ತಿ ಬರಲಿ ಎಂದು ಹಿಂದೆ ಹಿಂದೆ ಸರಿದರು. ಗೋಪುರ ಬಂತು, ಆಡುವವರು ಇರುವೆಗಳಾದರು. ಚೌಕಾಬಾರದ ಕವಡೆ ಎಲ್ಲಿದೆ ಎಂದು ಇವತ್ತಿಗೂ ಹುಡುಕುತ್ತಿದ್ದೇವೆ. ಗುಡಿ, ಬೆಟ್ಟ, ಕೋಟೆ ಎಲ್ಲವೂ ನಮಗೆ ಪ್ರೀತಿಯವೇ. ಈ ಒಂದು ನಿಮಿಷ ಅವು ಚೌಕಟ್ಟಿನ ಹೊರಗಿರಲಿ.

ಇನ್ನೊಂದು ಲಾಭ ನಾನು ಮೊದಲು ಊಹಿಸಿರಲಿಲ್ಲ. ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಕನ್ನಡ ಆಡುವವರಿದ್ದಾರೆ, ತೆಲುಗು ಆಡುವವರಿದ್ದಾರೆ, ಉರ್ದು ಆಡುವವರಿದ್ದಾರೆ. ಸ್ವಂತ ಕಥೆ ಅಂದ ಕೂಡಲೇ ಸಂಭಾಷಣೆ, ಸಂಭಾಷಣೆ ಅಂದ ಕೂಡಲೇ ಪುಸ್ತಕದ ಕನ್ನಡ, ಅದು ಬಾರದವರು ಹಿಂದಿನ ಬೆಂಚಿಗೆ. ಮಾತಿಲ್ಲದ ಈ ಚಿತ್ರದಲ್ಲಿ ಹಿಂದಿನ ಬೆಂಚಿನ ಹುಡುಗಿಯೇ ನಿರ್ದೇಶಕಿಯಾದಳು. ಕೈಯಲ್ಲಿ ಬಾಚಣಿಗೆ ಹಿಡಿದು ಎಲ್ಲರನ್ನೂ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸುತ್ತಿದ್ದಳು.

ಈಗ ನನ್ನ ಕೋರಿಕೆಗಳು. 1995ರಲ್ಲಿ ಲೂಮಿಯೇರರ ಹಳೆಯ ಕ್ಯಾಮೆರಾವನ್ನೇ ಜಗತ್ತಿನ ಸುಮಾರು ನಲವತ್ತು ನಿರ್ದೇಶಕರ ಕೈಗೆ ಕೊಟ್ಟು ಒಂದೊಂದು ಚಿತ್ರ ಮಾಡಿಸಿದರು. ಅಬ್ಬಾಸ್ ಕಿಯಾರೊಸ್ತಮಿ, ಜಾಂಗ್ ಯೀಮೊ, ಡೇವಿಡ್ ಲಿಂಚ್ ಎಲ್ಲ ಇದ್ದರು. ಅವರಿಗಿದ್ದ ಷರತ್ತು ಮೂರೇ: 52 ಸೆಕೆಂಡಿಗಿಂತ ಉದ್ದ ಬೇಡ, ತೆಗೆಯುವಾಗಿನ ಶಬ್ದ ಬೇಡ, ಮೂರಕ್ಕಿಂತ ಹೆಚ್ಚು ಟೇಕ್ ಬೇಡ. ನಿಮಗೂ ಅವೇ ಷರತ್ತು. ರಿಹರ್ಸಲ್ ಎಷ್ಟು ಬೇಕಾದರೂ ಮಾಡಿ. ರೆಕಾರ್ಡ್ ಗುಂಡಿ ಒತ್ತುವುದು ಮೂರು ಸಲ ಮಾತ್ರ. ಮೊಬೈಲನ್ನು ಅಡ್ಡ ಹಿಡಿದು ಸ್ಟ್ಯಾಂಡಿಗೆ ಕಟ್ಟಿ. ಸ್ಟ್ಯಾಂಡ್ ಇಲ್ಲದಿದ್ದರೆ ಎರಡು ಇಟ್ಟಿಗೆ, ಒಂದು ರಬ್ಬರ್ ಬ್ಯಾಂಡ್. ಪರದೆಯ ಮೇಲೆ ಬೆರಳೊತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ, ಇಲ್ಲದಿದ್ದರೆ ತಾತನ ಬಿಳಿ ಪಂಚೆ ಬಂದಾಗ ಊರೆಲ್ಲ ಕತ್ತಲಾಗುತ್ತದೆ. ಬೆಳಗ್ಗೆ ಎಂಟೂವರೆಯೊಳಗೆ ಮುಗಿಸಿ. ಆಮೇಲಿನ ನಮ್ಮ ಬಿಸಿಲಿನಲ್ಲಿ ಮುಖಕ್ಕೆ ಕಣ್ಣೇ ಇರುವುದಿಲ್ಲ, ಎರಡು ಕಪ್ಪು ಗುಳಿ ಮಾತ್ರ. ಸ್ಲೋ ಮೋಷನ್, ಸಿನಿಮಾ ಹಾಡು ಎರಡನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ಕೊನೆಯಲ್ಲಿ ‘ಲೂಮಿಯೇರ್ ಸೋದರರ 1895ರ ಚಿತ್ರವನ್ನು ಆಧರಿಸಿದ್ದು’ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ, ಹಾಗಾಗಿ ಯಾರೂ ನಿಮ್ಮನ್ನು ಕೇಳುವುದಿಲ್ಲ. ಕೇಳದಿದ್ದರೂ ಹಾಕಬೇಕು.

ರೈಲು ಬರುವ ಚಿತ್ರವನ್ನು ಮಾಡುತ್ತೇವೆ ಎಂದು ಒಬ್ಬರಾದರೂ ಬಂದೇ ಬರುತ್ತೀರಿ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಭಾರತ ಮೊದಲು ನೋಡಿದ ಆರು ಚಿತ್ರಗಳಲ್ಲಿ ಅದೂ ಇತ್ತು, ಆಸೆ ಸಹಜ. ಹಳಿಯ ಹತ್ತಿರ ಹೋದವರನ್ನು ಕ್ಲಾಸಿನಿಂದ ತೆಗೆದುಹಾಕುತ್ತೇನೆ. ಈ ಮಾತಿನಲ್ಲಿ ತಮಾಷೆ ಇಲ್ಲ. ಕಾಲುವೆ ದಂಡೆ, ಕಲ್ಲು ಕ್ವಾರಿ, ಕೋಟೆ ಬೆಟ್ಟದ ಬಂಡೆಯಂಚು ಇವಕ್ಕೂ ಅದೇ ಮಾತು. ಬೇಕಾದರೆ ಡಿಪೊದವರನ್ನು ಕೇಳಿಕೊಂಡು ಸಿರುಗುಪ್ಪ ಸ್ಟ್ಯಾಂಡಿಗೆ ಬಸ್ಸು ಬರುವುದನ್ನು ತೆಗೆಯಿರಿ. ಮೂಲದಲ್ಲಿ ರೈಲು ಬರುವ ಹಾಗೆಯೇ ಬಸ್ಸು ಓರೆಯಾಗಿ ಬೆಳೆಯುತ್ತಾ ಬರಲಿ. ನಿಲ್ಲುವ ಮೊದಲೇ ಕಿಟಕಿಗಳಿಂದ ಸೀಟಿಗೆ ಬೀಳುವ ಟವೆಲ್ಲು, ಕರ್ಚೀಫು, ಒಮ್ಮೊಮ್ಮೆ ಚಪ್ಪಲಿ, ಇವು ಲೂಮಿಯೇರರಿಗೆ ಸಿಕ್ಕಿರಲಿಲ್ಲ.

ಒಂದು ಗಟ್ಟಿ ಮಾತು ಉಳಿದಿದೆ. ಈ ಪೈಪಿನ ಚಿತ್ರ ನೋಡಿದ ಕೂಡಲೇ ‘ಸರ, ಇದು ಪ್ರಾಂಕ್ ಅಲ್ಲೇನ್ರಿ?’ ಎಂದು ನಿಮ್ಮಲ್ಲಿ ಯಾರೋ ಕೇಳುತ್ತೀರಿ. ಈಗ ರಸ್ತೆಯಲ್ಲಿ ಹೋಗುವ ಮುದುಕರ ಮೇಲೆ ನೀರೆರಚಿ, ತರಕಾರಿ ಮಾರುವ ಅಮ್ಮನ ಬುಟ್ಟಿ ಎಳೆದು, ಅವರು ಬೆಚ್ಚಿಬಿದ್ದದ್ದನ್ನು ತೆಗೆದು ಲೈಕು ಎಣಿಸುವವರಿದ್ದಾರೆ. ಅವರನ್ನು ಈ ಚಿತ್ರದ ಮೊಮ್ಮಕ್ಕಳು ಅನ್ನಲು ನನಗೆ ಮನಸ್ಸಿಲ್ಲ. ಆ ತೋಟದವನು ಲೂಮಿಯೇರರ ಮನೆಯ ತೋಟವನ್ನೇ ನೋಡಿಕೊಳ್ಳುತ್ತಿದ್ದವನು. ಮುಖಕ್ಕೆ ನೀರು ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು, ಒಪ್ಪಿ ನಿಂತಿದ್ದ, ಆಡಿದ. ನಿಮ್ಮ ಚಿತ್ರದಲ್ಲಿ ನೆನೆಯುವವರು ಮುಂಚೆಯೇ ಒಪ್ಪಿರಬೇಕು. ಚೌಕಟ್ಟಿನಲ್ಲಿ ಮುಖ ಕಾಣುವ ಪ್ರತಿಯೊಬ್ಬರಿಗೂ, ಹಿಂದೆ ಹಾಯ್ದುಹೋದವರಿಗೂ, ಮುಗಿದ ಚಿತ್ರವನ್ನು ಮೊದಲು ತೋರಿಸಿ. ಬೇಡ ಅಂದರೆ ಅಳಿಸಿ. ಅಳಿಸುವಾಗ ಅವರ ಎದುರೇ ಅಳಿಸಿ. ಹುಡುಗಿಯರ ಮನೆಯವರು ಕ್ಯಾಮೆರಾ ಅಂದರೆ ಹೆದರುವುದಕ್ಕೆ ನಾವೇ, ಮೊಬೈಲ್ ಹಿಡಿದ ಗಂಡಸರೇ ಕಾರಣ. ಆ ಹೆದರಿಕೆ ಹೋಗಲು ನಿಮ್ಮ ಒಂದು ನಿಮಿಷದ ನಡತೆ ನನ್ನ ಒಂದು ಗಂಟೆಯ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ನಿಮ್ಮ ಹಾಳೆಗಳನ್ನು ನಾನು ಹರಿದಿಲ್ಲ. ಮೂರು ಹಾಡು, ಎರಡು ಫೈಟಿನದೂ ಸೇರಿ ಎಲ್ಲವೂ ಕಪಾಟಿನಲ್ಲಿವೆ, ಎಂಟನೇ ವಾರ ವಾಪಸು ಕೊಡುತ್ತೇನೆ. ಆಗ ಓದಿ ನಿಮಗೇ ಏನನ್ನಿಸುತ್ತದೋ ನೋಡೋಣ.

ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಸೇರೋಣ. ಸಿರುಗುಪ್ಪದಿಂದ ಬರುವವರು ಏಳೂವರೆ ಬಸ್ಸು ತಪ್ಪಿಸಬೇಡಿ, ಐವತ್ತು ಚಿಲ್ಲರೆ ಕಿಲೋಮೀಟರ್ ದಾರಿ. ಮೊಬೈಲಿನಲ್ಲಿ ಜಾಗ ಖಾಲಿ ಮಾಡಿಕೊಂಡು ಬನ್ನಿ, ಒಂದು ಹಳೇ ಟವೆಲ್ ತನ್ನಿ. ಮಧ್ಯಾಹ್ನಕ್ಕೆ ಒಗ್ಗರಣೆ ಮಿರ್ಚಿ ನನ್ನ ಲೆಕ್ಕ. ಹಿಂದಿನ ಬ್ಯಾಚಿನ ಮೂರೂ ಚಿತ್ರಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತೇನೆ. ಸಿರುಗುಪ್ಪದ ತಾತನೂ ಬರುತ್ತಾರಂತೆ. ನೆಲದ ಮೇಲೆ ಕೂರಲು ಮೊಣಕಾಲು ಬಿಡುವುದಿಲ್ಲ, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇರಲಿ, ಕರೆಂಟ್ ಇರುತ್ತದೋ ಇಲ್ಲವೋ ಕೇಳು ಎಂದು ಮೊಮ್ಮಗಳ ಕೈಲಿ ಹೇಳಿ ಕಳಿಸಿದ್ದಾರೆ.

ಇತಿ ನಿಮ್ಮ ವಿಶ್ವಾಸಿ,
ವಿಡಿಯೊ ಕ್ಲಾಸಿನ ಮೇಷ್ಟ್ರು
ಬಳ್ಳಾರಿ